ಸವಣೂರಿನಲ್ಲಿ ನನ್ನ ಅರ್ಧ ಕಾಫಿ

ಈ ಸೀಮೆಯಲ್ಲಿ ಕಾಫಿ ಕೇಳಿದರೆ ಪಾಯಸ ಸಿಗುತ್ತದೆಂದು ಸ್ಟೀಲ್ ಫಿಲ್ಟರ್, ಪುಡಿ, ಪಿಂಗಾಣಿ ಕಪ್ಪು ಎಲ್ಲವನ್ನೂ ಹೊತ್ತು ತಿರುಗುತ್ತಿದ್ದೇನೆ. ಸವಣೂರು ಬಸ್ ನಿಲ್ದಾಣದ ಚಹಾದಂಗಡಿಯ ಅಕ್ಕ ಕುದಿಯುವ ನೀರು ಕೊಟ್ಟರು. ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ಹಿರೇಕೆರೂರಿನ ಬಸ್ಸನ್ನೂ ಬಿಟ್ಟೆ. ಕೊನೆಗೆ ಹಾಲು ಬೆರೆಸಿ ಕಪ್ಪು ಎತ್ತುವಷ್ಟರಲ್ಲಿ ಅಕ್ಕ ಅದನ್ನು ಇಸಿದುಕೊಂಡು, ಅರ್ಧ ಕಾಫಿಯನ್ನು ತಮ್ಮ ಅಂಗಡಿಯ ಬಶಿಗೆ ಸುರಿದು, ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಯಜಮಾನರ ಕೈಗಿಟ್ಟರು.

“ಅದು ನನ್ನ ಕಾಫಿ,” ಎಂದೆ.

“ಬಾಜೂ ಕುಂತಾರಲ್ರಿ. ನೀವೊಬ್ಬರ ಹೆಂಗ ಕುಡೀತೀರಿ?” ಎಂದರು ಅಕ್ಕ.

ಯಜಮಾನರು ಸುರ್ರೆಂದು ಹೀರಿ ಮುಖ ಕಿವುಚಿದರು. “ಭಾಳ ಕಹಿ ಐತಿ. ಯವ್ವಾ, ಒಂದು ಚಾ ಕೊಡು.”

ಚಹಾ ಬಂತು. ಯಜಮಾನರು ಅದರಲ್ಲಿ ಅರ್ಧವನ್ನು ತಾವು ಕುಡಿದಿಟ್ಟ ಅದೇ ಬಶಿಗೆ ಸುರಿದು ನನ್ನ ಮುಂದೆ ಹಿಡಿದರು.