ಕೆಳಗಿನ ಮನೆಯವರ ಹೂಂ

ಠಣ್, ಠಣ್, ಠಣ್. ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಜಜ್ಜುವ ಆ ಸದ್ದು ನೆಲದೊಳಗಿಂದ ಎದ್ದು ನನ್ನ ಅಂಗಾಲಿಗೆ ತಾಗುತ್ತಿತ್ತು. ಆಳಂದದಲ್ಲಿ ನಾವು ಕೊಂಡಿದ್ದು ಒಂದು ಹಳೇ ವಾಡೆಯ ಮೇಲಿನ ಭಾಗ. ನಮ್ಮ ನೆಲವೆಂದರೆ ಕೆಳಗಿನ ಮನೆಯ ಖಾಲಾ ಅವರ ಮಾಳಿಗೆ. ಬಳೆಗಾರರ ಮನೆಯ ಹಿರಿಯ ವಿಧವೆ, ಇಡೀ ಓಣಿಗೆ ಖಾಲಾ, ಅಂದರೆ ಚಿಕ್ಕಮ್ಮ, ಬಾಯಲ್ಲಿ ಒಂದೂ ಹಲ್ಲಿಲ್ಲ. ಸಿಟ್ಟು ಬಂದಾಗ ಖಾಲಾ ಮಾತಾಡುತ್ತಿರಲಿಲ್ಲ, ಕುಟ್ಟುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಕುಟ್ಟಿದ್ದೆಲ್ಲ ನಮ್ಮ ಹೆಸರಿಗೇ.

ನನ್ನ ಗಂಡ ನೀರಾವರಿ ಇಲಾಖೆಯ ಎಂಜಿನಿಯರ್. ಜೇವರ್ಗಿ, ಅಫಜಲಪುರ ಎಂದು ವರ್ಗವಾಗುತ್ತ ಬಾಡಿಗೆ ಮನೆಗಳಲ್ಲಿ ಬದುಕಿದವರು ನಾವು. ನಾನು ಎಷ್ಟು ಕೊಡ ನೀರು ಸೇದುತ್ತೇನೆ, ಎಷ್ಟೊತ್ತಿಗೆ ಏಳುತ್ತೇನೆ ಎಂಬುದು ಮನೆಯೊಡತಿಯ ಮೂಲಕ ಇಡೀ ಓಣಿಗೆ ತಿಳಿಯುತ್ತಿತ್ತು. ಗುಲಬರ್ಗಾದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ ಪ್ರೈವೆಸಿ ಎಂಬ ಪದವೊಂದಿತ್ತು. ಆ ಪದವನ್ನು ತಂದು ಇರಿಸಲು ನನಗೊಂದು ಸ್ವಂತ ಮನೆ ಬೇಕಾಗಿತ್ತು.

ಮನೆ ತೋರಿಸಲು ಬಂದ ದಲ್ಲಾಳಿಯನ್ನು ನನ್ನ ಗಂಡ ಕೇಳಿದರು: "ಓಣಿ ಹ್ಯಾಂಗದ?"

"ಮಿಕ್ಸ್ ಅದ ರೀ ಸಾಹೇಬ್ರ. ಕೆಳಗ ಮುಂದಿನ ಭಾಗದಾಗ ಬಳೆಗಾರ ಸಾಬರು, ಹಿಂದ ಮರಾಠಿ ಮಾತಾಡೋ ಶಿಂಪಿಗೇರು, ಎದುರಿಗೆ ಲಿಂಗಾಯತರು, ತುದಿಗೊಬ್ಬ ಮಾರವಾಡಿ. ವರ್ಷಪೂರ್ತಿ ಯಾರದರ ಮನ್ಯಾಗ ಹಬ್ಬ ಇದ್ದೇ ಇರತದ. ನಿಮಗ ಸಿಹಿ ತಪ್ಪಂಗಿಲ್ಲ."

"ವೆರಿ ಕಾಸ್ಮೊಪಾಲಿಟನ್," ಎಂದರು ನನ್ನ ಗಂಡ, ಗಟಾರ ಎಲ್ಲಿಗೆ ಹರಿಯುತ್ತದೆಂದು ಬಗ್ಗಿ ನೋಡುತ್ತ.

ನಮ್ಮ ನೆಂಟರು ಬಹಳ ಸುಸಂಸ್ಕೃತರು. ಒಬ್ಬರೂ ಜಾತಿ ಕೇಳಲಿಲ್ಲ. ಗಾಳಿ ಹ್ಯಾಂಗದ ಎಂದು ಕೇಳಿ, ಆಮೇಲೆ ಆ ಗಾಳಿ ಯಾರ ಮನೆಯ ಕಡೆಯಿಂದ ಬರುತ್ತದೆ ಎಂದು ಕೇಳಿದರು. ನೇರವಾಗಿ ಮಾತಾಡಿದವರು ಸರಸಂಬಾದಲ್ಲಿ ಹೊಲಮನೆ ನೋಡಿಕೊಂಡಿದ್ದ ನಮ್ಮತ್ತೆ ಒಬ್ಬರೇ. "ಆ ಓಣ್ಯಾಗ ನಾ ನೀರು ಕುಡಿಯಂಗಿಲ್ಲ ನೋಡ್ರಿ. ಮನಿ ನಿಮ್ದು, ಗಂಟಲ ನಂದು."

ಮಾರಿದವನು ಸೊಲ್ಲಾಪುರದಲ್ಲಿ ಕೂತು ಮಾರಿದ, ನಾವು ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಂತು ಕೊಂಡೆವು. ಇತ್ತ ಆಳಂದದಲ್ಲೇ ನಾವಿದ್ದ ಬಾಡಿಗೆ ಮನೆಯ ಯಜಮಾನರು ಮಗಳ ಮದುವೆಗೆಂದು ಮನೆ ಬಿಡಿಸುತ್ತಿದ್ದರು. ವಾಡೆಯ ಚಾವಣಿಯೋ ಮಣ್ಣಿನ ಮಾಳಿಗೆ. ಜೂನಿನ ಮಿರಗದ ಮಳೆ ಬೀಳುವುದರೊಳಗೆ ಹೊಸ ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ನಮ್ಮ ಹಾಸಿಗೆಯ ಮೇಲೇ ಕೆರೆ. ಹಾಗೆಂದು ಗಾರೆ ಕೆಲಸದ ಗೌಂಡಿಯನ್ನು ಕರೆಸಿದರೆ, ಆತ ಮೇಲೆ ಕೆಳಗೆ ನೋಡಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಆಗಂಗಿಲ್ರಿ ಸಾಹೇಬ್ರ. ಮ್ಯಾಲ ಮಣ್ಣು ಹೇರಿದ್ರ ಭಾರ ಬೀಳೂದು ಕೆಳಗಿನ ಗ್ವಾಡಿ ಮ್ಯಾಲ. ಕೆಳಗಿನವರು ಹೂಂ ಅನ್ನಬೇಕು."

"ಅಂದಿಲ್ಲೇನು?"

"ಕುಟ್ಟಾಕತ್ತಾರ್ರಿ."

ನನ್ನ ಗಂಡ ಖರೀದಿ ಪತ್ರ ಹಿಡಿದುಕೊಂಡು ಕೆಳಗಿಳಿದರು. ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಟೈಟಲ್, ಪೊಸೆಶನ್ ಎಂದೆಲ್ಲ ವಿವರಿಸಿದರು. ಖಾಲಾ ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಪತ್ರ ಖರೇ ಅದ ರೀ ಸಾಹೇಬ್ರ. ಸುಳ್ಳಂತ ನಾ ಎಲ್ಲಿ ಅಂದೆ? ಅದನ್ನೇ ಮಾಳಿಗಿ ಮ್ಯಾಲ ಹಾಸ್ರಿ, ಮಳಿ ನಿಲ್ಲತದ." ಠಣ್.

ಮರುದಿನ ನಾನು ಹೋದೆ. ಕಾನ್ವೆಂಟಿನಲ್ಲಿ ಕಲಿತಂತೆ ಬಿಸ್ಕತ್ತಿನ ಡಬ್ಬಿ ಹಿಡಿದು ಸೋಶಿಯಲ್ ಕಾಲ್! ಖಾಲಾ ಅಕ್ಕರೆಯಿಂದಲೇ ಕೂಡಿಸಿದರು. ಚಹಾ ಕೊಟ್ಟರು, ನನ್ನ ಕೈ ಹಿಡಿದು ಬಳೆಗಳ ಅಳತೆ ಸಡಿಲವಾಗಿದೆಯೆಂದು ಬೈದರು. ನಾನು ಮಾಳಿಗೆ ಎಂದದ್ದೇ ತಡ, ಕುಟ್ಟಾಣಿ ಹತ್ತಿರ ಎಳೆದುಕೊಂಡರು.

ಆಮೇಲೆ ಹೊಸ ಮನೆ ನೋಡಲು ಬಂದುಹೋದವರೆಲ್ಲ ಪಂಡಿತರಾದರು. ಮುದುಕಿಗೆ ಹಣ ಬೇಕು ಎಂದರು ಒಬ್ಬರು. ಆ ಜನರೇ ಹಾಗೆ ಎಂದರು ಇನ್ನೊಬ್ಬರು, ಕಾಸ್ಮೊಪಾಲಿಟನ್ ಗಾಳಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ. ವಕೀಲರ ನೋಟಿಸು ಕೊಡಿಸೋಣ ಎಂದು ನನ್ನ ಮೈದುನ ಹಾರಾಡಿದ. ಹಿತ್ತಲ ಶಿಂಪಿಯವರನ್ನು ಕೇಳಿದರೆ ಹೊಲಿಗೆ ಮಷೀನು ತುಳಿಯುತ್ತಲೇ ನಕ್ಕರು.

ಆ ಹೊತ್ತಿಗೆ ಹಾಲು ಉಕ್ಕಿಸುವ ಶಾಸ್ತ್ರ ಯಾವಾಗ ಎಂದು ಕೇಳಲು ಸರಸಂಬಾದಿಂದ ನಮ್ಮತ್ತೆ ಬಂದರು. ತಾಮ್ರದ ತಂಬಿಗೆಯಲ್ಲಿ ಊರಿನ ನೀರು ಸಮೇತ. ವಿಷಯ ಕೇಳಿದವರೇ ಮಗನ ಕಡೆ ತಿರುಗಿದರು.

"ಕೆಳಗಿನವರನ್ನ ಕೇಳ್ದೇನೋ, ತಗೊಳ್ಳೂಕಿಂತ ಮದ್ಲ?"

"ಏನ್ ಕೇಳೂದವ್ವಾ? ಆಕಿಗೇನು ತಗೊಳ್ಳಾಕ ಆಗತದ?"

"ಅಯ್ಯ ಮೂಳಾ! ಮೂಲಿ ಹೊಲ ಮಾರೂ ಮುಂದ ನಿಮ್ಮಪ್ಪ ಬದುವಿನ ಮಗ್ಗಲಿನವನ ಮನಿಗೆ ಹೋಗಿ, ನೀ ತಗೋತೀಯೇನಪಾ ಅಂತ ಕೇಳಿದ್ದ. ಅವಗ ಉಣ್ಣಾಕ ಗತಿ ಇರಲಿಲ್ಲ. ಆದ್ರೂ ಕೇಳಿದ್ದ. ಬ್ಯಾಡ ಅನ್ನೂದು ಅವನ ಹಕ್ಕು ಅಲ್ಲೇನು? ಮಾರಿದಾಂವ ಕೇಳಲಿಲ್ಲ, ನೀನರ ಕೇಳಬೇಕಾಗಿತ್ತು. ಎಂಜಿನೇರ್ ಅಂತ ಎಂಜಿನೇರ್!"

ಮರುದಿನ ಬೆಳಿಗ್ಗೆ ಅತ್ತೆ ಸೆರಗು ಹೊದ್ದು ಹೋಗಿ ಖಾಲಾರ ಕಟ್ಟೆಯ ತುದಿಗೆ ಕೂತರು. ಒಳಗೆ ಹೋಗಲಿಲ್ಲ. ಆ ನಿಯಮ ನಿಯಮವೇ. ನಾನೂ ನನ್ನ ಗಂಡನೂ ಹಿಂದೆ ನಿಂತೆವು.

"ಬೀಬಿ, ಈ ಮ್ಯಾಲಿನ ಮನಿ ಮಾರಾಕ ಅದಂತ. ನೀವು ತಗೋತೀರೋ, ಇಲ್ಲಾ ನಮ್ಮವ ತಗೋಬೇಕೋ?"

ಖರೀದಿ ಪತ್ರ ಆಗಲೇ ನಮ್ಮ ಟ್ರಂಕಿನಲ್ಲಿತ್ತು. ನನ್ನ ಗಂಡ ಕೆಮ್ಮಿದರು. ಖಾಲಾ ಕುಟ್ಟಾಣಿ ಪಕ್ಕಕ್ಕಿಟ್ಟರು.

"ಮನಿ ಹ್ಯಾಂಗದ ನೋಡಬೇಕಲ್ಲ ಯಕ್ಕಾ."

"ನೋಡ್ರಿ, ನೋಡದ ಯಾರರ ತಗೋತಾರೇನು?"

ಮೊಣಕಾಲು ಹಿಡಿದು ಒಂದೊಂದೇ ಪಾವಟಿಗೆ ಏರಿ ಖಾಲಾ ಮೇಲೆ ಬಂದರು. ಮದುವೆಯಾಗಿ ಬಂದ ಲಾಗಾಯ್ತು ಕಂಡ ಮನೆಯನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು. ತೊಲೆಗೆ ಉಗುರು ಹಚ್ಚಿ, "ಹುಳ ತಿಂದದ," ಎಂದರು. ಅಡುಗೆಮನೆಯಲ್ಲಿ ನಿಂತು, "ಕತ್ತಲಿ," ಎಂದರು. ನಾನು ಪ್ರೈವೆಸಿಗೆಂದು ಮೆಚ್ಚಿಕೊಂಡಿದ್ದ ಒಳಕೋಣೆಯನ್ನು ಇಣುಕಿ, "ಇಲ್ಲಿ ಕೋಳಿ ಇಡಬಹುದು," ಎಂದರು.

"ಗಾಳಿ ನೋಡ್ರಿ ಬೀಬಿ, ಗಾಳಿ! ಎಂಥಾ ಛಲೋ ಗಾಳಿ ಬರಾಕತ್ತದ," ಎಂದು ನಮ್ಮತ್ತೆ ಕಿಟಕಿ ತೆರೆದು ಆ ಓಣಿಯ ಗುಣಗಾನಕ್ಕೆ ಇಳಿದರು. "ಸುತ್ತೆಲ್ಲ ಸಭ್ಯಸ್ಥ ಮಂದಿ."

"ಮಂದಿ ನನಗ ಗೊತ್ತದಾರ. ತೊಲಿ ಮಾತು ಹೇಳ್ರಿ."

"ಫಾರ್ಸ್, ಬರೇ ನಾಟಕ," ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಉಸುರಿದರು. ನನಗೋ, ಖಾಲಾ ನಿಜವಾಗಿಯೂ ತಗೊಂಡುಬಿಟ್ಟರೆ ಹೇಗೆಂಬ ಚಿಂತೆ.

"ವಿಚಾರ ಮಾಡಿ ಹೇಳ್ತೀನಿ," ಎಂದು ಖಾಲಾ ಇಳಿದುಹೋದರು.

ವಿಚಾರ ಮಾಡಿದರು. ಶಿಂಪಿಯವರನ್ನು ಕೇಳಿದರು, ಮಗನನ್ನು ಕೇಳಿದರು, ತುದಿಮನೆಯ ಮಾರವಾಡಿಯನ್ನೂ ಕೇಳಿದರೆಂದು ಸುದ್ದಿ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತ ಬಂತು. ನಮ್ಮ ಬಾಡಿಗೆ ಮನೆಗೆ ಸುಣ್ಣ ಹೊಡೆಯುವವರು ಬಂದು ನಮ್ಮ ಸಾಮಾನು ಅಂಗಳಕ್ಕೆ ಸರಿಸಿದರು. ನನ್ನ ಗಂಡ ದಿನಕ್ಕೆರಡು ಸಲ ಆಕಾಶ ನೋಡಿ ಇಂಗ್ಲಿಷಿನಲ್ಲಿ ಬೈದರು. ಅತ್ತೆ ಮಾತ್ರ ಅಲ್ಲಾಡಲಿಲ್ಲ. "ಮನಿ ವ್ಯವಹಾರ. ಗಡಬಡಿ ಮಾಡಿದ್ರ ಹ್ಯಾಂಗ?"

ಶುಕ್ರವಾರ ಖಾಲಾ ತೊಳೆದ ಸೀರೆ ಉಟ್ಟು ಮೇಲೆ ಬಂದರು. ಕೈಯಲ್ಲಿ ಬಟ್ಟಲು ಸಕ್ಕರೆ.

"ನನಗ ಬ್ಯಾಡ ಯಕ್ಕಾ. ಪಾವಟಿಗಿ ಭಾಳ ಎತ್ತರ ಅದಾವ. ತೊಲೀನೂ ನನಗ ಮನಸಿಗೆ ಬರಲಿಲ್ಲ. ನಿಮ್ಮವಗೇ ಇರಲಿ."

ಎಲ್ಲರ ಅಂಗೈಗೂ ಸಕ್ಕರೆ ಬಿತ್ತು. ನಾನು ಅತ್ತೆಯ ಗಂಟಲನ್ನೇ ನೋಡುತ್ತಿದ್ದೆ. ಅವರು ಸಕ್ಕರೆಗೇನು ನೀರು ಮುಟ್ಟಿರತದೇನು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಬಾಯಿಗೆ ಹಾಕಿಕೊಂಡರು.

ಮರುದಿನ ಗೌಂಡಿ ಕರೆಯದೆಯೇ ಬಂದ. ಖಾಲಾ ಅಂಗಳದಲ್ಲಿ ನಿಂತು, ಯಾವ ಮೂಲೆಗೆ ಎಷ್ಟು ಬುಟ್ಟಿ ಮಣ್ಣು ಬೇಕೆಂದು ಕೂಗಿ ಹೇಳಿದರು. ನಮ್ಮ ಕಿಟಕಿ ಯಾವ ಬಣ್ಣದ್ದಿರಬೇಕೆಂದೂ ಹೇಳಿದರು. ಹಾಲು ಉಕ್ಕಿ ನಮ್ಮ ಸಾಮಾನು ಒಳಗೆ ಬಂದ ಸಂಜೆಯೇ ಮಳೆ ಸುರಿಯಿತು. ಒಂದು ಹನಿ ಸೋರಲಿಲ್ಲ. ನನ್ನ ಪ್ರೈವೆಸಿ ಮಾತ್ರ ಆ ಮನೆಯಲ್ಲಿ ಒಂದು ದಿನವೂ ವಾಸಿಸಲಿಲ್ಲ. ಆಫೀಸಿನಲ್ಲಿ ನನ್ನ ಗಂಡ ಇದನ್ನೆಲ್ಲ ತಮ್ಮ ಪಬ್ಲಿಕ್ ರಿಲೇಶನ್ಸ್ ಜಾಣ್ಮೆ ಎಂದು ಹೇಳಿಕೊಂಡು ತಿರುಗಿದರು.

ಅತ್ತೆ ಆ ವರ್ಷದ ಬಿಳಿಜೋಳ ಕೊಯ್ಲಿನ ಹೊತ್ತಿಗೆ ಸರಸಂಬಾದಲ್ಲಿ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು, ಮಳೆ ಬಂದ ಮರುದಿನ ಆಳಂದದ ಬಸ್ ಸ್ಟ್ಯಾಂಡಿನಲ್ಲಿ. ಕಿಟಕಿಯ ಪಕ್ಕದ ಸೀಟು ಜಗಳವಾಡಿ ಹಿಡಿದಿದ್ದರು. ಬಸ್ಸು ಗುಡುಗುತ್ತಿತ್ತು. ನಾನು ಕೆಳಗೆ ಕೆಸರಿನಲ್ಲಿ ಕೈ ಎತ್ತಿ ನಿಂತಿದ್ದೆ. ಅತ್ತೆ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ ಹೇಳುತ್ತಿದ್ದರು:

"ನಮ್ಮ ಕೆಳಗಿನ ಮನಿಯಾಕಿ ಅಂದ್ರ ಏನಂತ ತಿಳ್ದಿ ಬೇ? ಭಾಳ ಘನವಂತಿ. ಇಡೀ ಮನಿ ಕೊಡ್ತೀವಿ ತಗೋ ಅಂದ್ರೂ ಬ್ಯಾಡ ಅಂದ್ಳು."

ಬಸ್ಸು ಹೊರಟಿತು. ಮಾತಿನ ಭರದಲ್ಲಿ ಅವರು ನನ್ನ ಕಡೆ ತಿರುಗಲೇ ಇಲ್ಲ.