ಕೊನೆಯ ಗದ್ದೆಗೆ ಮೊದಲ ನೀರು

ವಾಮದಪದವಿನಿಂದ ಇಳಿದು ಬಂದರೆ ನಮ್ಮ ಬೈಲು. ಮೇಲಿನಿಂದ ಕೆಳಗಿನವರೆಗೆ ಹದಿಮೂರು ಮನೆಯವರ ಗದ್ದೆ. ಮಳೆಗಾಲದ ಬೆಳೆ ಹೇಗೂ ಆಗುತ್ತದೆ. ಸುಗ್ಗಿ ಬೆಳೆ ಬೇಕಾದರೆ ಮಾತ್ರ ಪಕ್ಕದ ಹಳ್ಳಕ್ಕೆ, ನಮ್ಮ ತೋಡಿಗೆ, ಕಟ್ಟ ಹಾಕಲೇಬೇಕು. ಮಳೆ ನಿಂತು ನೀರು ಮೊಣಕಾಲಿಗೆ ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆ ಇಟ್ಟು ತೋಡಿಗೆ ಅಡ್ಡ ಕಟ್ಟುವುದು. ಮುಂದಿನ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತದೆ, ಪುನಃ ಕಟ್ಟಬೇಕು.

ತಿರುಮಲೇಶ್ವರ ಧಣಿಗಳ ಕಾಲದಲ್ಲಿ ಅವರ ಆಳು ಬಂದು "ನಾಳೆ ಕಟ್ಟ" ಎಂದು ಹೇಳಿ ಹೋದರೆ ಸಾಕು, ಒಕ್ಕಲಿನವರೆಲ್ಲ ಹೋಗುತ್ತಿದ್ದೆವು. ನೀರು ಮೊದಲು ಕಟ್ಟದ ಬದಿಯ ಧಣಿಗಳ ಗದ್ದೆಗೆ. ಆಮೇಲೆ ಚನಿಯಪ್ಪನಿಗೆ. ಹಾಗೆ ಕೆಳಗೆ ಕೆಳಗೆ ಬಂದು ಕೊನೆಗೆ ತುಕ್ರಪ್ಪನ ಗದ್ದೆ. ಅಲ್ಲಿಗೆ ಮುಟ್ಟುವಾಗ ನೀರು ಉಂಟೋ ಇಲ್ಲವೋ ಎಂದು ಯಾರೂ ಹೋಗಿ ನೋಡಿದ್ದಿಲ್ಲ. ತುಕ್ರಪ್ಪನೂ ಬಾಯಿ ಬಿಟ್ಟವನಲ್ಲ.

ಎಪ್ಪತ್ತೇಳರಲ್ಲಿ ಭೂಮಸೂದೆಯ ಡಿಕ್ಲರೇಶನ್ ಆಗಿ ಉಳುತ್ತಿದ್ದ ಗದ್ದೆ ನಮ್ಮ ನಮ್ಮ ಹೆಸರಿಗೆ ಬಂತು. ಮೇಲಿನ ಒಂದು ಗದ್ದೆ ಮಾತ್ರ ಧಣಿಗಳಿಗೆ ಉಳಿಯಿತು. "ಇನ್ನು ಕಟ್ಟವನ್ನೂ ಸರಕಾರವೇ ಕಟ್ಟಿಕೊಡಲಿ" ಎಂದರು. ಆ ವರ್ಷ ಕರೆಯುವವರಿಲ್ಲದೆ ಕಟ್ಟ ಆಗಲಿಲ್ಲ. ಅವನು ಕರೆಯಲಿ ಎಂದು ಇವನು, ಇವನು ಕರೆಯಲಿ ಎಂದು ಅವನು. ಸುಗ್ಗಿ ಗದ್ದೆಯಲ್ಲಿ ದನ ಮೇಯಿತು.

ಮರುವರ್ಷ ಕರೆದವಳು ದೇಜಕ್ಕ. ಗಂಡ ತೀರಿಹೋಗಿ ಆರು ವರ್ಷ, ಇಬ್ಬರು ಹೆಣ್ಣು ಮಕ್ಕಳು, ಬೈಲಿನ ನಡುವೆ ಒಂದು ಗದ್ದೆ. ಅವಳ ಗದ್ದೆಯ ಬದು, ಆ ಹುಣಿಗೆ ತಾಗಿಯೇ ನಮ್ಮ ಗದ್ದೆ. ಅವಳು ಹೇಳಿಕೆ ಶುರು ಮಾಡಿದ್ದು ತುಕ್ರಪ್ಪನ ಮನೆಯಿಂದ. ಕೆಳಗಿನಿಂದ ಮೇಲೆ ಒಂದೊಂದೇ ಮನೆ ಹತ್ತಿ ಚನಿಯಪ್ಪನ ಅಂಗಳಕ್ಕೆ ಮುಟ್ಟುವಾಗ ಮಧ್ಯಾಹ್ನ. ಅವನಿಗೆ ಆಗಲೇ ಸುದ್ದಿ ಗೊತ್ತಾಗಿತ್ತು.

"ನನಗೆ ಕೊನೆಗೆ ಹೇಳುವುದಾ ದೇಜಕ್ಕ? ತುಕ್ರ ನನಗಿಂತ ದೊಡ್ಡವನಾದನಾ?"

"ಅವನ ಮನೆ ದೂರ ಚನಿಯಣ್ಣ. ನೀನು ಹತ್ತಿರ ಇದ್ದಿ, ಕೂಗಿದರೆ ಕೇಳುತ್ತದೆ."

ಮರುದಿನ ಬೆಳಿಗ್ಗೆ ಎಲ್ಲರೂ ತೋಡಿನ ಬದಿಯಲ್ಲಿ ಸೇರಿದೆವು. ಈ ಸಲ ನೀರು ಮೊದಲು ತುಕ್ರಪ್ಪನ ಗದ್ದೆಗೆ ಬಿಡುವ, ಮನೆಗೊಂದು ದಿನದ ಹಾಗೆ ಕೆಳಗಿನಿಂದ ಮೇಲಕ್ಕೆ ಬರುವ ಎಂದಳು ದೇಜಕ್ಕ. ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು.

"ತಲೆ ಸರಿ ಉಂಟಾ ನಿನಗೆ? ನೀರು ಮೇಲಿನಿಂದ ಕೆಳಗೆ ಹರಿಯುವುದು ಮಾರಾಯ್ತಿ!"

"ಹರಿಯಲಿ. ನಾವು ಕುಡಿಯುವುದು ಕೆಳಗಿನಿಂದ."

ಇದು ಅವಳಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಅಳದಂಗಡಿಯ ಹತ್ತಿರ ಅವಳ ಕುಟುಂಬದ ಮನೆ. ಇಪ್ಪತ್ತೆರಡು ಮಂದಿ, ಎಲ್ಲರ ಮೇಲೆ ಅವಳ ಅಜ್ಜಿ. ಆ ಅಜ್ಜಿ ಗಂಜಿ ಬಡಿಸುವುದು ಬಾಗಿಲಿನ ಹತ್ತಿರ ಕುಳಿತವರಿಂದ. ಕೆಲಸದವರು, ತಡವಾಗಿ ಬಂದವರು, ಸಣ್ಣ ಮಕ್ಕಳು. ಮಡಕೆಯ ಪಕ್ಕದಲ್ಲೇ ಕುಳಿತ ಮಾವಂದಿರಿಗೆ ಕೊನೆಗೆ. ದೇಜಕ್ಕ ಏಳು ವರ್ಷದವಳಿದ್ದಾಗ ಒಮ್ಮೆ ದೊಡ್ಡ ಮಾವನಿಗೆ ಮೊದಲು ಬಡಿಸಿ ಕೈಗೆ ಪೆಟ್ಟು ತಿಂದದ್ದುಂಟು. "ಮಡಕೆ ಅವನ ಕಣ್ಣೆದುರು ಉಂಟು, ಅವನಿಗೆ ಯಾವ ಹೆದರಿಕೆ?" ಎಂದಿದ್ದರಂತೆ ಅಜ್ಜಿ. ಜಗಳ ಮಾಡಿ ಎದ್ದುಹೋದವರ ಪಾಲನ್ನೂ ಮುಚ್ಚಿ ಇಡುತ್ತಿದ್ದರಂತೆ. ನೇಜಿ, ಭತ್ತದ ಸಸಿ, ನೆಡುವಾಗ ಇದನ್ನೆಲ್ಲ ಅವಳು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ.

ಚನಿಯಪ್ಪ ಮಾತ್ರ ಒಪ್ಪಲಿಲ್ಲ. "ಕಟ್ಟಕ್ಕೆ ಒಬ್ಬ ಯಜಮಾನ ಬೇಕು. ಹೆಂಗಸು ಅಡಿಗೆ ಕೋಣೆಯ ಲೆಕ್ಕ ತಂದು ತೋಡಿಗೆ ಇಡುವುದಲ್ಲ" ಎಂದ.

"ನಿನಗೆ ಮೊದಲು ನೀರು ಸಿಕ್ಕಿದರೆ ಏನು ಮಾಡ್ತಿ? ಮನೆಗೆ ಹೋಗಿ ಮಲಗುತ್ತಿ. ಕೆಳಗೆ ನೀರಿನ ಕಣಿ ಒಡೆದರೆ ನಿನಗೇನು? ಕೆಳಗಿನವನ ಗದ್ದೆ ತುಂಬದೆ ನಿನಗೆ ನೀರಿಲ್ಲ ಅಂತಾದರೆ, ಬೈಲಿನ ಉದ್ದಕ್ಕೂ ನೀರು ಸೋರುವ ಏಡಿಯ ಬಿಲ ಹುಡುಕಿಕೊಂಡು ನೀನೇ ಓಡ್ತಿ."

ಎಲ್ಲರೂ ನಕ್ಕರು. ನಕ್ಕದ್ದೇ ತಪ್ಪಾಯಿತು. ಚನಿಯಪ್ಪ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದ. ಮೂರು ದಿನದ ಕೆಲಸ ನಮಗೆ ಐದು ದಿನ ಹಿಡಿಯಿತು. ಹೆಂಗಸರೂ ಕಲ್ಲು ಹೊತ್ತೆವು. ಮೊದಲ ಬುಟ್ಟಿ ಮಣ್ಣು ದೇಜಕ್ಕನದ್ದು, ದಿನದ ಕೊನೆಯದ್ದೂ ಅವಳದ್ದೇ.

"ಅವನಿಗೆ ಒಂದು ಹನಿ ನೀರು ಕೊಡಬಾರದು" ಎಂದ ಉಮ್ಮರ್. ನಮ್ಮ ಗದ್ದೆಯ ಕೆಳಗಿನ ಗದ್ದೆ ಅವನದ್ದು, ಭುಜದ ಚರ್ಮ ಕಿತ್ತುಹೋಗಿತ್ತು.

"ಅವನ ಸರದಿ ಹನ್ನೆರಡನೆಯದು. ಅದು ಹಾಗೇ ಇರುತ್ತದೆ" ಎಂದಳು ದೇಜಕ್ಕ. ಉಮ್ಮರ್ ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮಣ್ಣು ಮಾತ್ರ ಹೊತ್ತ.

ಐದನೆಯ ದಿನ ಧಣಿಗಳು ಕೊಡೆ ಹಿಡಿದು ಬಂದು ಹುಣಿಯ ಮೇಲೆ ನಿಂತರು. ನಮ್ಮ ಕೈ ತಾನಾಗಿಯೇ ನಿಂತಿತು. ಕೆಲವರು ತಲೆಯ ಮುಟ್ಟಾಳೆ ತೆಗೆದರು.

"ಈ ಕಟ್ಟದ ಜಾಗ ನೋಡಿದ್ದು ನನ್ನ ಅಜ್ಜ. ಗದ್ದೆ ಸರಕಾರ ಕೊಟ್ಟಿತು, ಇರಲಿ. ನೀರು ಯಾವಾಗಲೂ ಮೊದಲು ನನ್ನ ಗದ್ದೆಗೆ."

ದೇಜಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ನಿಮಗೂ ನೀರುಂಟು ಧಣಿಗಳೇ. ಹದಿಮೂರನೆಯದು. ಒಬ್ಬ ಆಳನ್ನು ಗುದ್ದಲಿ ಕೊಟ್ಟು ಕಳಿಸಿ."

"ನೀನು ಹೇಳಿದ ಹಾಗೆ ಸರದಿಯಲ್ಲಿ ನಿಲ್ಲುವವನಾ ನಾನು?"

"ನಿಲ್ಲಬೇಡಿ, ಕಾಲು ನೋವಾದೀತು. ಮನೆಯಲ್ಲಿ ಕುಳಿತುಕೊಳ್ಳಿ. ನಿಮ್ಮ ದಿನ ಬಂದಾಗ ಹೇಳಿ ಕಳಿಸ್ತೇನೆ."

ಯಾರೂ ನಗಲಿಲ್ಲ. ಧಣಿಗಳು ತಹಶೀಲ್ದಾರರ ಹೆಸರು ಹೇಳಿದರು, ಪೊಲೀಸರ ಹೆಸರು ಹೇಳಿದರು. ಅವಳು ಬಗ್ಗಿ ಬುಟ್ಟಿ ತುಂಬಿದಳು. ಅವಳ ಹಿಂದೆ ಉಮ್ಮರ್ ಬಗ್ಗಿದ. ಆಮೇಲೆ ನಾವೆಲ್ಲ.

ಕಷ್ಟ ಶುರುವಾದದ್ದು ನೀರು ಬಿಟ್ಟ ಮೇಲೆ. ಒಂದು ವರ್ಷ ಒಣಗಿದ ಕಣಿ, ಹೆಜ್ಜೆಗೊಂದು ಬಿಲ. ಮೊದಲ ದಿನ ನೀರು ಅರ್ಧ ಬೈಲಿಗೂ ಮುಟ್ಟಲಿಲ್ಲ. ಎರಡನೆಯ ದಿನ ದೇಜಕ್ಕನ ಗದ್ದೆಯ ಎದುರೇ ಹರಿಯುತ್ತಿತ್ತು. ಅವಳ ನೇಜಿ ಹಳದಿಯಾಗಿತ್ತು, ಕೊಡದಲ್ಲಿ ಹೊತ್ತು ಹಾಕಿ ಮಕ್ಕಳ ಸೊಂಟ ಬಿದ್ದಿತ್ತು. "ಅಮ್ಮ, ಒಂದು ಗಳಿಗೆ ಕಂಡಿ ಬಿಡುವ" ಎಂದಳು ದೊಡ್ಡವಳು. ಗದ್ದೆಗೆ ನೀರು ನುಗ್ಗುವ ಆ ಕಂಡಿಗೆ ದೇಜಕ್ಕ ಇನ್ನೊಂದು ಹೆಂಟೆ ಮಣ್ಣು ಮೆತ್ತಿದಳು. ನಮ್ಮ ನೇಜಿಯೂ ಬಾಡುತ್ತಿತ್ತು. ನಾನು ಕಾಲಿನ ಹೆಬ್ಬೆರಳಿನಿಂದ ನಮ್ಮ ಕಂಡಿಯನ್ನು ಸ್ವಲ್ಪ ಕೆದಕಿದೆ. ಅವಳು ನೋಡಿದಳು. ಬಂದು ಮುಚ್ಚಿದಳು.

ಮೂರನೆಯ ದಿನ ಬೆಳಿಗ್ಗೆ ಕಣಿಯಲ್ಲಿ ನೀರೇ ಇಲ್ಲ. ಮೇಲೆ ಹೋಗಿ ನೋಡಿದರೆ ಚನಿಯಪ್ಪ ತನ್ನ ಕಂಡಿ ಒಡೆದು ಗುದ್ದಲಿ ಊರಿ ನಿಂತಿದ್ದಾನೆ. ದೇಜಕ್ಕ ಬಾಯಿ ತೆರೆಯುವ ಮೊದಲು ನಮ್ಮ ಹಿಂದಿನಿಂದ ತುಕ್ರಪ್ಪ ಬಂದ. ನೆಟ್ಟಗೆ ಹೋಗಿ ಕಂಡಿಯಲ್ಲೇ ಕುಳಿತುಬಿಟ್ಟ. ನೀರು ಅವನ ಬೆನ್ನಿಗೆ ತಾಗಿ ಕಣಿಗೆ ತಿರುಗಿತು.

"ಏಳು ತುಕ್ರ."

"ನನಗಿನ್ನೂ ನೀರು ಮುಟ್ಟಲಿಲ್ಲ. ಇವತ್ತೂ ನನ್ನ ದಿನ."

"ಏಳ್ತಿಯೋ, ಇಲ್ಲ ಗುದ್ದಲಿ ಹಾಕಲಾ?"

"ಹಾಕು. ಆದರೆ ಮಣ್ಣಿಗೆ ಹಾಕು ಚನಿಯಣ್ಣ, ಈ ಕಂಡಿ ಮುಚ್ಚಲಿಕ್ಕುಂಟು. ನನಗೆ ಚಳಿ ಆಗ್ತದೆ."

ಇಷ್ಟು ವರ್ಷ ಅವನ ಸ್ವರ ಹೇಗಿದೆ ಎಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಚನಿಯಪ್ಪ ದೇಜಕ್ಕನ ಕಡೆ ತಿರುಗಿದ. "ನೀನು ಕಳಿಸಿದ್ದಾ ಇವನನ್ನು?"

"ನಾನ್ಯಾಕೆ ಕಳಿಸಲಿ? ಅವನಿಗೆ ಕಾಲಿಲ್ಲವಾ?"

ಕೊನೆಗೆ ಚನಿಯಪ್ಪ ತಾನೇ ಮಣ್ಣು ಕಡಿದು ಹಾಕಿದ. ತುಕ್ರಪ್ಪ ಎದ್ದು ಮೆಟ್ಟಿ ಗಟ್ಟಿ ಮಾಡಿದ. ಆ ದಿನ ಹೊತ್ತು ಇಳಿಯುವ ಮೊದಲು ನೀರು ಕೊನೆಯ ಗದ್ದೆಗೆ ಮುಟ್ಟಿತು. ದೇಜಕ್ಕನ ನೇಜಿ ಅರ್ಧ ಹೋಯಿತು. ಉಳಿದರ್ಧ ನೆಟ್ಟಳು, ಸಾಲದ್ದಕ್ಕೆ ಉಮ್ಮರನ ಹೆಂಡತಿ ಖತೀಜಮ್ಮ ಎರಡು ಹೊರೆ ಕೊಟ್ಟಳು.

ಆ ದಿನದಿಂದ ಲೆಕ್ಕ ಹಿಡಿದು ಹನ್ನೆರಡನೆಯ ದಿನ ಚನಿಯಪ್ಪನ ಗದ್ದೆ ತುಂಬಿತು. ಹದಿಮೂರನೆಯ ದಿನ ದೇಜಕ್ಕ ಧಣಿಗಳ ಮನೆಗೆ ಹೇಳಿ ಕಳಿಸಿದಳು. ಯಾರೂ ಬರಲಿಲ್ಲ. ಆ ಗದ್ದೆ ಆ ವರ್ಷ ಒಣಗಿತು. ತಹಶೀಲ್ದಾರರೂ ಬರಲಿಲ್ಲ.

ಮರುವರ್ಷ ತೋಡಿನ ನೀರು ಇಳಿಯುತ್ತಲೇ ದೇಜಕ್ಕ ಕೆಳಗಿನಿಂದ ಹೇಳಿಕೆ ಶುರು ಮಾಡಿದಳು. ಇನ್ನೂ ನಾಲ್ಕು ಮನೆ ಆಗಿತ್ತಷ್ಟೆ, ಚನಿಯಪ್ಪ ಮಕ್ಕಳನ್ನು ಕಟ್ಟಿಕೊಂಡು ತೋಡಿನ ಬದಿಗೆ ಬಂದು ನಿಂತಿದ್ದ.

"ಹೆಂಗಸು ಕರೆದಳೆಂದು ಬಂದದ್ದಲ್ಲ" ಎಂದ.

"ಅಲ್ಲ, ಅಲ್ಲ. ಆ ಕಲ್ಲಿನ ಇನ್ನೊಂದು ತುದಿ ಹಿಡಿ" ಎಂದಳು ದೇಜಕ್ಕ.