ಶ್ ಸರ್ ತಪ್ಪಾಗಿ ಇಟ್ಟ ಪುಸ್ತಕಗಳು

ಗಂಡ ಸತ್ತ ಮೂರನೇ ತಿಂಗಳು ಅವಳು ಗ್ರಂಥಾಲಯಕ್ಕೆ ಕೆಲಸಕ್ಕೆ ಬಂದಳು. ಅವನು ಅಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್ ಆಗಿದ್ದ. ಅನುಕಂಪದ ಆಧಾರದ ಮೇಲೆ ಅವಳಿಗೆ ಸಿಕ್ಕಿದ್ದು ಕಸ ಗುಡಿಸಿ ಧೂಳು ಒರೆಸುವ ಕೆಲಸ. ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಮಾತಿನಲ್ಲಿ ಯಾರಿಗೂ ಸೋಲದ ಅತ್ತೆ.

ಆಗಿನ ಗ್ರಂಥಪಾಲಕರನ್ನು ಓದುಗರೆಲ್ಲ ಬೆನ್ನ ಹಿಂದೆ ‘ಶ್ ಸರ್’ ಎನ್ನುತ್ತಿದ್ದರು. ಅವರ ಬಾಯಿಂದ ಅದೊಂದು ಶಬ್ದ ಬಿಟ್ಟು ಬೇರೇನನ್ನಾದರೂ ಕೇಳಿದವರು ಕಡಿಮೆ. ಒಂದು ಮಧ್ಯಾಹ್ನ, ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಕಪಾಟಿಗೊರಗಿ, ಸಮುದ್ರದ ಮೀನುಗಳ ಪುಸ್ತಕ ಓದುತ್ತಿದ್ದ ಅವಳು ಅವರ ಕಣ್ಣಿಗೆ ಬಿದ್ದಳು. ಕೆಲಸ ಹೋಯಿತು ಎಂದುಕೊಂಡಳು. ಅವರು ಒಂದು ಸ್ಟೂಲು ತಂದಿಟ್ಟು ಹೋದರು.

ಮಾರನೇ ದಿನದಿಂದ ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು. ಪುಸ್ತಕದ ಬೆನ್ನಿಗೆ ಅಂಟಿಸಿದ ಸಂಖ್ಯೆ ಏನು ಹೇಳುತ್ತದೆ, ಮೀನಿನ ಪುಸ್ತಕ ಹಕ್ಕಿಯದರ ಹತ್ತಿರವೇ ಏಕೆ ಇರಬೇಕು, ಎಲ್ಲವನ್ನೂ ಬಿಡಿಸಿ ಹೇಳಿದರು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ ತುಂಬಿದವರೂ ಅವರೇ. ಈ ವಯಸ್ಸಿನಲ್ಲಿ ಸ್ಲೇಟು ಹಿಡಿಯುತ್ತಾಳಂತೆ ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಗೊಣಗಿದರು. ಆದರೆ ಪರೀಕ್ಷೆಯ ದಿನಗಳಲ್ಲಿ ಮೊಮ್ಮಗಳನ್ನು ಸೊಂಟದಿಂದ ಕೆಳಗಿಳಿಸಲಿಲ್ಲ. ಗಣಿತದಲ್ಲಿ ಒಮ್ಮೆ ಮುಗ್ಗರಿಸಿ, ಎರಡನೇ ಸಲ ದಾಟಿದಳು. ಆಮೇಲೆ ಗ್ರಂಥಾಲಯ ತರಬೇತಿ, ಪದವಿ. ಶ್ ಸರ್ ನಿವೃತ್ತರಾದ ಒಂಬತ್ತು ವರ್ಷಕ್ಕೆ ಅದೇ ಕುರ್ಚಿ ಅವಳದಾಯಿತು.

ಆ ವರ್ಷವೇ ಅವರು ಮತ್ತೆ ಬರತೊಡಗಿದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಸರಿಯಾಗಿ ಹತ್ತು ಗಂಟೆ. ತಾವಿನ್ನೂ ನೌಕರಿಯಲ್ಲಿದ್ದೇವೆ ಎಂದೇ ಅವರ ತಿಳಿವಳಿಕೆ. ಮರೆವಿನ ರೋಗ ಎಂದು ಅವರ ಮಗ ಫೋನಿನಲ್ಲಿ ಹೇಳಿದ. ಮನೆಯಲ್ಲಿ ಕೂರಿಸಿದರೆ ಅಳುತ್ತಾರೆ ಎಂದು ದನಿ ತಗ್ಗಿಸಿದ. ಓದುಗರು ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನೆಲ್ಲ ಎತ್ತಿಕೊಂಡು ಅವರು ಸಿಕ್ಕ ಸಿಕ್ಕ ಕಪಾಟಿಗೆ ಸೇರಿಸುತ್ತಿದ್ದರು. ಕಾನೂನಿನ ಪುಸ್ತಕ ಅಡುಗೆಯ ನಡುವೆ, ವ್ಯಾಕರಣ ಹೈನುಗಾರಿಕೆಯ ಪಕ್ಕ. ಸಂಜೆ ಅವಳು ಒಂದೊಂದನ್ನೇ ಹುಡುಕಿ ಅದರದರ ಜಾಗಕ್ಕೆ ಇಟ್ಟು, ಒಂದು ಗಂಟೆ ತಡವಾಗಿ ಮನೆಗೆ ಹೋಗುತ್ತಿದ್ದಳು.

ಓದುಗರಿಂದ ದೂರು ಹೋಯಿತು. ಮೇಲಧಿಕಾರಿ ಬಂದು, ಆ ಮುದುಕರನ್ನು ಒಳಗೆ ಬಿಡಬೇಡಿ ಎಂದರು.

“ಅವರು ತಪ್ಪಾಗಿ ಇಟ್ಟಿದ್ದನ್ನ ನಾನು ಸರಿ ಮಾಡ್ತೀನಿ ಸರ್,” ಎಂದಳು ಅವಳು. “ಬಾಗಿಲಲ್ಲಿ ನಿಂತು ಅವರನ್ನ ತಡೆಯೋದು ಮಾತ್ರ ನನ್ನ ಕೈಲಾಗಲ್ಲ.”

ಏನಾದರೂ ಕಳೆದರೆ ನಿಮ್ಮ ತಲೆಗೇ ಬರುತ್ತದೆ ಎಂದು ಎಚ್ಚರಿಸಿ ಅಧಿಕಾರಿ ಹೊರಟುಹೋದರು.

ಒಂದು ದಿನ ಶ್ ಸರ್ ಅವಳ ಮೇಜಿನ ಮುಂದೆ ನಿಂತು ಬಹಳ ಹೊತ್ತು ಮುಖ ನೋಡಿದರು.

“ಯಾರಮ್ಮ ನೀವು? ಹೊಸದಾಗಿ ಸೇರಿದ್ದೀರಾ?”

ಅವಳು ಎದ್ದು ನಿಂತಳು. “ಹೌದು ಸರ್.”

“ಕೂತ್ಕೊಳ್ಳಿ, ಪುಸ್ತಕದ ಸಂಖ್ಯೆ ಹೇಳ್ಕೊಡ್ತೀನಿ. ಹೆದರಬೇಡಿ, ನಿಧಾನಕ್ಕೆ ಬರುತ್ತೆ.”

ಪೂರ್ತಿ ಒಂದು ಗಂಟೆ ಹೇಳಿಕೊಟ್ಟರು. ಸೊನ್ನೆಯಿಂದ ಒಂಬತ್ತರವರೆಗಿನ ವಿಷಯ ವರ್ಗಗಳು, ಒಳ ವಿಭಾಗಗಳ ಸಮೇತ, ಒಂದೂ ತಪ್ಪಲಿಲ್ಲ. ಅವಳು ನೋಟ್‌ಬುಕ್ ತೆಗೆದು, ಗೊತ್ತಿದ್ದದ್ದನ್ನೆಲ್ಲ ತಲೆ ಬಗ್ಗಿಸಿ ಬರೆದುಕೊಂಡಳು.

ಒಂದೂವರೆ ವರ್ಷ ಹೀಗೆ ಬಂದುಹೋದ ಅವರು ಒಂದು ಸೋಮವಾರ ಬರಲಿಲ್ಲ. ನಿದ್ದೆಯಲ್ಲೇ ಹೋದರು ಎಂದು ಮಗ ತಿಳಿಸಿದ.

ಆ ವರ್ಷದ ತಪಾಸಣೆಯಲ್ಲಿ ಹನ್ನೊಂದು ಪುಸ್ತಕ ಸಿಗಲಿಲ್ಲ. ಎರಡು ತಿಂಗಳು ಸಾಲು ಸಾಲಾಗಿ ಜಾಲಾಡಿ ಎಂಟನ್ನು ಹೊರತೆಗೆದಳು. ಉಳಿದ ಮೂರಕ್ಕೆ ತಾನೇ ಹೊಣೆ ಎಂದು ಬರೆದು ಸಹಿ ಹಾಕಿದಳು. ಅವಳ ಸೇವಾ ಕಡತಕ್ಕೆ ಒಂದು ಮೆಮೊ ಸೇರಿತು. ಬರಬೇಕಿದ್ದ ಬಡ್ತಿ ಅವಳಿಗಿಂತ ಕಿರಿಯರೊಬ್ಬರ ಪಾಲಾಯಿತು.

ಬೆಳೆದು ನಿಂತಿದ್ದ ಮಗಳಿಗೆ ಸಿಟ್ಟು ಬಂತು. ಶ್ ಸರ್ ಎಲ್ಲೋ ಇಟ್ಟುಬಿಟ್ಟರು ಎಂದು ನಿಜ ಹೇಳಿದ್ದರೆ ಆಗುತ್ತಿರಲಿಲ್ಲವೇ, ಹೇಗೂ ಅವರು ಈಗ ಇಲ್ಲವಲ್ಲ ಎಂದು ಕೇಳಿದಳು.

“ಮೂವತ್ತು ವರ್ಷ ದುಡಿದ ಮನುಷ್ಯ ಕಣೇ,” ಎಂದಳು ತಾಯಿ. “ಕೊನೆಗೆ ಅವರ ಹೆಸರಲ್ಲಿ ಇಂಥದ್ದೊಂದು ಕಾಗದ ಉಳಿಯೋದು ಬೇಡ ಅನ್ನಿಸ್ತು.”